ರಾಮನಾಥಪುರದ ಮೆಟ್ಟಿಲ ಪಾಚಿ

ಹೊಳೆಯ ಮೆಟ್ಟಿಲಿಗೆ ಹಿಡಿಯುವ ಕಂದು ಲೋಳೆಯನ್ನು ಎಲ್ಲರೂ ಪಾಚಿ ಎನ್ನುತ್ತಾರೆ. ಅದರಲ್ಲಿ ಹೆಚ್ಚಿನದು ಡಯಾಟಮ್: ಗಾಜಿನಂಥ ಚಿಪ್ಪಿನೊಳಗೆ ಬದುಕುವ, ಕಣ್ಣಿಗೆ ಕಾಣದ ಜೀವಿ. ಯಾವುದು ಯಾವುದಕ್ಕೆ ಹತ್ತಿರದ ಬಂಧು ಎಂದು ಚಿಪ್ಪಿನ ಗೆರೆಗಳಿಂದಲೂ ಜೀನ್‌ಗಳಿಂದಲೂ ಗುರುತಿಸಿ ಅವುಗಳ ವಂಶವೃಕ್ಷ ಬರೆಯುವುದು ನನ್ನ ಪಿಎಚ್‌ಡಿ ಕೆಲಸ.

ರಾಮನಾಥಪುರದಲ್ಲಿ ಕಾವೇರಿಗೆ ಇಳಿಯುವ ಮೆಟ್ಟಿಲಿನಿಂದ ಕೆರೆದು ತಂದ ಒಂದು ಜಾತಿ ನನ್ನ ನಿದ್ದೆ ಕೆಡಿಸಿತ್ತು. ಚಿಪ್ಪು ನೋಡಿದರೆ ಅದು ಒಂದು ಕೊಂಬೆಗೆ ಸೇರಬೇಕು, ಜೀನ್ ನೋಡಿದರೆ ಬಹುದೂರದ ಇನ್ನೊಂದಕ್ಕೆ. ನಿಜವಾದರೆ ನನ್ನ ಪ್ರಬಂಧದಲ್ಲಿ ಹೊಸದು ಎನ್ನಬಹುದಾದದ್ದು ಅದೊಂದೇ.

"ಮಾದರಿಗೆ ಬೇರೇನೋ ಬೆರೆತಿರಬೇಕಮ್ಮ," ಎಂದರು ಗೈಡ್. "ಹೊಸದಾಗಿ ತಂದು ಇನ್ನೊಂದ್ಸಲ ಜೀನ್ ಓದಿಸು. ಆಮೇಲೆ ನಂಬ್ತೀನಿ."

ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕಿತ್ತು. ಲ್ಯಾಬಿನಲ್ಲಿ ಬೆಳೆಸಿದ್ದು ಸತ್ತಿತ್ತು. ಹೊಳೆನರಸೀಪುರದ ಹೇಮಾವತಿಯಲ್ಲಾಗಲಿ ಚನ್ನರಾಯಪಟ್ಟಣದ ಕೆರೆಯಲ್ಲಾಗಲಿ ಅದು ಸಿಕ್ಕಿರಲಿಲ್ಲ.

ಹಾಸನದಿಂದ ಬೆಳಗಿನ ಬಸ್ಸಿಗೆ ಹೊರಟೆ. ಹೋಗಿ ನೋಡಿದರೆ ಮೆಟ್ಟಿಲುಗಳು ಬೆಳ್ಳಗಿದ್ದವು. ಬ್ಲೀಚಿಂಗ್ ಪೌಡರಿನ ಘಾಟು. ಪಂಚಾಯ್ತಿಯ ಹೆಂಗಸೊಬ್ಬರು ಕೊನೆಯ ಮೆಟ್ಟಿಲು ಉಜ್ಜುತ್ತಿದ್ದರು. ನಾನು ಬಗ್ಗಿ ಕಲ್ಲುಕಲ್ಲೂ ತಡವುವುದನ್ನು ಕಂಡು ಕೇಳಿದರು:

"ಏನ್ ಕಳ್ಕಂಡ್ರವ್ವ, ಉಂಗುರನಾ?"

"ಇಲ್ಲ, ಪಾಚಿ ಬೇಕಿತ್ತು."

"ಪಾಚಿನಾ? ಅದು ಓಗ್ಲಿಲ್ಲ ಅಂತ ನಂಗೆ ಬೈತಾವ್ರೆ, ನೀವು ನೋಡುದ್ರೆ ಉಡೀಕ್ಕಂಡು ಬಂದಿದ್ದೀರಿ." ನಕ್ಕರು. "ನಾಳೆ ಅಮಾಸೆ ಕಣವ್ವ, ಜನ ಮುಳುಗಕ್ಕೆ ಬತ್ತಾರೆ. ಓದ್ ಅಮಾಸೇಲಿ ಒಂದಜ್ಜಿ ಜಾರಿ ಸ್ವಂಟ ಮುರ್ಕಂಡ್ಲು."

ನೀರೊಳಗಿನ ಕಲ್ಲುಗಳನ್ನೂ ಕೆರೆದೆ. ಹಸಿರು ಪಾಚಿ ಬಿಟ್ಟರೆ ಏನೂ ಬರಲಿಲ್ಲ.

"ತಗಳಿ, ಇದ್ರಲ್ಲೇ ಅಂಟ್ಕಂಡದೆ," ಎಂದು ಆಕೆ ಉಜ್ಜುವ ಬ್ರಷ್ಷನ್ನೇ ಚಾಚಿದರು. ಕೂದಲುಗಳ ಬುಡದಲ್ಲಿ ಕಂದು ಲೋಳೆ ಇತ್ತು. ಬ್ಲೀಚಿಂಗ್ ಪೌಡರು ಜೀನ್‌ಗಳನ್ನು ಚೂರು ಮಾಡುತ್ತದೆಂದು ನನಗೆ ಗೊತ್ತು, ನಾವು ಲ್ಯಾಬಿನ ಮೇಜು ಒರೆಸುವುದೇ ಅದರಿಂದ. ಆದರೂ ಬಾಟಲಿಗೆ ತೊಳೆದುಕೊಂಡೆ. ವಾಪಸ್ ಬಸ್ಸಿನಲ್ಲಿ ಅರಕಲಗೂಡು ದಾಟುವವರೆಗೂ ಅದನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದೆ.

ಮೈಕ್ರೋಸ್ಕೋಪಿನಲ್ಲಿ ಅದೇ ಜಾತಿ. ಚಿಪ್ಪುಗಳಿಗೆ ಏನೂ ಆಗಿರಲಿಲ್ಲ, ಒಂದೊಂದು ಗೆರೆಯೂ ಸ್ಪಷ್ಟ. ಜೀನ್ ಉಳಿದಿದ್ದರೆ ಗೆರೆ ಮೂಡಬೇಕಿದ್ದ ಪರೀಕ್ಷೆಯ ಜೆಲ್ ಮಾತ್ರ ಖಾಲಿ. ಮತ್ತೆ ಮಾಡಿದೆ. ಮತ್ತೆ ಖಾಲಿ.

"ಬಿಟ್ಬಿಡಮ್ಮ ಅದನ್ನ, ಉಳಿದಿದ್ದು ಬರಿ," ಎಂದರು ಗೈಡ್ ಫೋನಿನಲ್ಲಿ.

ಕಂಪ್ಯೂಟರಿನಲ್ಲಿದ್ದ ವಂಶವೃಕ್ಷದಿಂದ ಆ ಜಾತಿಯ ಕೊಂಬೆಯನ್ನು ಅಳಿಸಿದೆ. ಅಕ್ಕಪಕ್ಕದವು ತಾವಾಗಿ ಸರಿದು ಜಾಗ ತುಂಬಿದವು. ಅಲ್ಲೊಂದು ಇತ್ತೆಂದು ನೋಡಿದವರಿಗೆ ತಿಳಿಯುವುದಿಲ್ಲ.