ಫ್ಯೂಸು ಸುಟ್ಟ ಮಾವಿನಕಾಯಿ

ನಂಬಬೇಡಿ, ನೋಡೋಣ. ಅಂಕೋಲೆಯಿಂದ ಕಾರವಾರದವರೆಗೆ ನನ್ನಷ್ಟು ಜನರನ್ನು ಬೇಸ್ತು ಬೀಳಿಸಿದ ಮುದುಕ ಇನ್ನೊಬ್ಬನಿಲ್ಲ. ಆದರೂ ನನ್ನ ಹೆಂಡತಿಯ ಕಾಲು ಯಾಕೆ ಊದುತ್ತದೆಂದು ಡಾಕ್ಟರಿಗಿಂತ ಮೊದಲು ಕಂಡುಹಿಡಿದವನು ನಾನೇ, ಅದೂ ಕಾರಿನ ಡಿಕ್ಕಿಯಲ್ಲಿ.

ಅವಳ ಹೃದಯ ಸೋತಿದೆ. ಭಾವಿಕೇರಿಯಿಂದ ಕಾರವಾರದ ಡಾಕ್ಟರಲ್ಲಿಗೆ ನಮ್ಮ ಕಾರಿನಲ್ಲಿ ಕರೆದೊಯ್ಯುವವನು ನಾನು. ಉಪ್ಪು ಮುಟ್ಟಲೇಬಾರದು ಎಂದಿದ್ದರು. ಸೊಸೆ ಉಪ್ಪಿನಕಾಯಿ ಭರಣಿಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದ್ದಳು. ಆದರೂ ಕಾಲು ಊದುತ್ತಲೇ ಇತ್ತು, ಮಾತ್ರೆ ಏರುತ್ತಲೇ ಇತ್ತು. "ಹೀಗೇ ಆದರೆ ನೀರು ಶ್ವಾಸಕೋಶಕ್ಕೇ ಬರುತ್ತದೆ" ಎಂದು ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದರು.

ಅದೇ ಮಳೆಗಾಲದಲ್ಲಿ ಬ್ರೇಕ್ ಲೈಟಿನ ಫ್ಯೂಸು ಸುಡತೊಡಗಿತು. ಹೊಸದು ಹಾಕಿ ಬ್ರೇಕ್ ತುಳಿದರೆ ಸಾಕು, ಟಪ್. ಒಮ್ಮೆ ಹೆದ್ದಾರಿಯಲ್ಲಿ ಲಾರಿಯೊಂದು ನಮ್ಮ ಬೆನ್ನಿಗೆ ಮೂಗು ತಾಗಿಸುವುದರಲ್ಲಿತ್ತು.

ಬಾಳೆಗುಳಿಯ ಎಲೆಕ್ಟ್ರಿಷಿಯನ್ ನನ್ನನ್ನೇ ಅನುಮಾನಿಸಿದ. "ಅಜ್ಜಾ, ನೀವೇ ಎಂತಾರೂ ಕಿತಾಪತಿ ಮಾಡಿ ನನ್ನ ಪರೀಕ್ಷೆ ಮಾಡ್ತಿದ್ರಾ? ಬಿಡಿ, ಡಬಲ್ ಆಂಪ್ಸಿಂದು ದಪ್ಪ ಫ್ಯೂಸ್ ಹಾಕ್ತೆ, ಸುಡೂದೇ ಇಲ್ಲ."

"ಫ್ಯೂಸ್ ಸುಡೂದಿಲ್ಲ, ಕಾರೇ ಸುಡ್ತದೆ. ನಿನ್ನ ಮದುವಿ ದಿಬ್ಬಣದ ಕಾರಿಗೆ ಹಾಕ್ಕೊ ಅದನ್ನ" ಎಂದು ವಾಪಸು ಬಂದೆ.

ಮನೆಯಲ್ಲಿ ನಾನೇ ಕೂತೆ. ಹಿಂದಿನ ಬಲ್ಬುಗಳನ್ನು ಕಿತ್ತು, ಹೊಸ ಫ್ಯೂಸು ಹಾಕಿ ಬ್ರೇಕ್ ತುಳಿದೆ, ಮತ್ತೂ ಟಪ್. ಹಾಗಾದರೆ ತಪ್ಪು ವೈರಿನದು. ಡಿಕ್ಕಿಯ ಮ್ಯಾಟು ಎತ್ತಿದರೆ ಸ್ಟೆಪ್ನಿಯ ಪಕ್ಕದಲ್ಲಿ ಹಳೆ ಸೀರೆಯ ತುಂಡು ಸುತ್ತಿದ ಒಂದು ಡಬ್ಬ. ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ! ನೀರು ತುಳುಕಿ ತುಳುಕಿ ವೈರಿನ ಟೇಪು ಬಿಟ್ಟಿತ್ತು, ಹಸಿರುಗಟ್ಟಿದ ತಾಮ್ರ ಕಾರಿನ ತಗಡಿಗೆ ತಾಗುತ್ತಿತ್ತು. ಡಬ್ಬ ಅರ್ಧ ಖಾಲಿ. ಛತ್ರಿ ಕಾರಲ್ಲೇ ಉಳಿಯಿತೆಂದು ಊಟದ ಹೊತ್ತಿಗೆ ಹೆಂಡತಿ ಅಂಗಳಕ್ಕೆ ಹೋಗುತ್ತಿದ್ದುದು ಆಗ ನೆನಪಾಯಿತು.

ಡಬ್ಬ ಹಿಡಿದು ಒಳಗೆ ಹೋದೆ. "ಫ್ಯೂಸ್ ಸುಡೂ ಕಳ್ಳಿ ಸಿಕ್ಕಿದ್ಲು ಮಾರಾಯ್ತಿ."

"ಊರಿಗೆಲ್ಲ ಟೋಪಿ ಹಾಕ್ದವರಿಗೆ ನಾ ಒಂದ್ಸಲ ಹಾಕ್ದೆ" ಎಂದು ನಕ್ಕಳು. "ಸಪ್ಪೆ ಗಂಜಿ ಗಂಟಲಲ್ಲಿ ಇಳೂದಿಲ್ಲ. ಡಾಕ್ಟರಿಗೆ ಹೇಳ್ಬೇಡಿ."

ಹೇಳಿದೆ. ಆ ಸಲ ಅವರು ಮಾತ್ರೆ ಏರಿಸಲಿಲ್ಲ. ವೈರು ಬದಲಿಸಿದ ಮೇಲೆ ಫ್ಯೂಸು ಗಟ್ಟಿಯಾಗಿ ಕೂತಿದೆ. ಕಾಲಿನದು ಇನ್ನೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಅವಳ ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ಯಾವಾಗ ತುಂಬುತ್ತದೆಂದು ಕಾಯುತ್ತೇನೆ.

ಇಷ್ಟು ಹೇಳಿದ್ದರಲ್ಲಿ ನಾನು ಕಟ್ಟಿದ ಸುಳ್ಳು ಒಂದೇ, ಅವಳು ನಕ್ಕಳು ಎಂದೆನಲ್ಲ, ಅದು. ನಗಲಿಲ್ಲ. ನನ್ನ ಕೈಯಲ್ಲಿದ್ದ ಡಬ್ಬವನ್ನೇ ನೋಡುತ್ತಿದ್ದಳು.