ಬಾಣಂತಿ ಕೋಣೆಯ ಕೆಂಡ

ಅಕ್ಕನ ಬಾಣಂತನ ಗುಬ್ಬಿಯ ನಮ್ಮ ಮನೆಯಲ್ಲೇ ನಡೆಯಿತು. ಅಮ್ಮನಿಗೆ ಮಂಡಿನೋವು, ಕೂತರೆ ಏಳಲು ಆಗುತ್ತಿರಲಿಲ್ಲ. ಹಾಗಾಗಿ ಕುಣಿಗಲ್ ಕಡೆಯಿಂದ ದೊಡ್ಡಮ್ಮ ಬಂದಿದ್ದರು. ಹುತ್ರಿದುರ್ಗದ ಸುತ್ತಮುತ್ತ ಎಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅವರದು. ನಾನು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಹಗಲು ಮನೆಯಲ್ಲಿರುತ್ತಿದ್ದುದು ಭಾನುವಾರ ಮಾತ್ರ.

ಅದೂ ಭಾನುವಾರವೇ. ಕೂಸಿಗೆ ಇಪ್ಪತ್ತೆರಡು ದಿನ. ಚಳಿ ಜೋರಾಗಿತ್ತು. ಸ್ನಾನ ಮುಗಿಸಿ ಅಕ್ಕನನ್ನೂ ಕೂಸನ್ನೂ ಮಲಗಿಸಿದ ದೊಡ್ಡಮ್ಮ, ಹಳೆಯ ಬಾಂಡ್ಲಿ ತುಂಬ ಇದ್ದಿಲ ಕೆಂಡ ತಂದು ಮಂಚದ ಪಕ್ಕ ಇಟ್ಟು ಸಾಂಬ್ರಾಣಿ ಹಾಕಿದರು. ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿದ್ದರು.

"ದೊಡ್ಡಮ್ಮ, ಕೆಂಡ ಇಟ್ಟು ಹಿಂಗೆ ಮುಚ್ಚಬಾರದಂತೆ. ನಮ್ಮ ಫ್ಯಾಕ್ಟರೀಲಿ ಹೇಳ್ಕೊಟ್ಟವ್ರೆ. ಒಂಚೂರು ಕಿಟಕಿ ತೆಗೀತೀನಿ" ಅಂದೆ.

"ನೀನು ಹೆತ್ತಿದೀಯೇನೇ? ಬಾಣಂತಿಗೆ ಗಾಳಿ ಹೊಡೆದ್ರೆ ಯಾರು ನೋಡ್ತಾರೆ? ಸುಮ್ಕಿರು."

ಅಮ್ಮನ ಮುಖ ನೋಡಿದೆ. ಅಮ್ಮ ಕಣ್ಣಲ್ಲೇ ಬೇಡ ಎಂದಳು. ದೂರದಿಂದ ಬಂದು ಮಾಡುತ್ತಿರುವವರ ಮನಸ್ಸು ನೋಯಿಸಬಾರದು ಎಂಬುದು ಅವಳ ಲೆಕ್ಕ. ನಾವು ಹೊರಗೆ ಬಂದ ಮೇಲೆ ದೊಡ್ಡಮ್ಮ ಬಾಗಿಲನ್ನೂ ಮುಚ್ಚಿದರು. ನಾನು ಹಾಲ್‌ಗೆ ಬಂದು ಕೂತೆ. ಕೈಯಲ್ಲಿ ಫೋನ್ ಇತ್ತು, ಅದರಲ್ಲಿ ಏನು ನೋಡಿದೆನೋ ಈಗ ನೆನಪಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಕ್ಕ, "ತಲೆ ಸಿಡೀತಾ ಇದೆ ಕಣೇ" ಎಂದಳು.

"ಎಣ್ಣೆನೀರು ಆದ್ಮೇಲೆ ಹಂಗೇ. ಮಲಗು, ಹೋಯ್ತದೆ" ಎಂದು ಅಡುಗೆಮನೆಯಿಂದಲೇ ದೊಡ್ಡಮ್ಮ ಹೇಳಿದರು.

ಅಳುತ್ತಿದ್ದ ಕೂಸು ಸುಮ್ಮನಾಯಿತು. ನಿದ್ದೆ ಹತ್ತಿತು ಅಂದುಕೊಂಡೆವು. ಅರ್ಧ ಗಂಟೆ ಬಿಟ್ಟು ಮೆಣಸಿನ ಸಾರು, ಅನ್ನ ತಗೊಂಡು ಹೋಗಿ ಅಕ್ಕನನ್ನು ಕರೆದೆ. ಅಲುಗಾಡಿಸಿದೆ. ಕಣ್ಣು ಅರೆ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ತುಟಿಯ ಪಕ್ಕ ವಾಂತಿ. ಕೂಸನ್ನು ಎತ್ತಿಕೊಂಡರೆ ಕೈಕಾಲು ಜೋಲುತ್ತಿದ್ದವು.

ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿ ಬಂದು ಅಮ್ಮನ ಮಡಿಲಿಗೆ ಹಾಕಿದೆ. ದೊಡ್ಡಮ್ಮನೂ ನಾನೂ ಅಕ್ಕನ ಕಂಕುಳಿಗೆ ಕೈಹಾಕಿ ಹೊರಗೆ ಎಳೆದೆವು. ಪಕ್ಕದ ಮನೆಯವರ ಆಟೋದಲ್ಲಿ ಊರಿನ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ತುಮಕೂರಿಗೆ. ದಾರಿಯುದ್ದಕ್ಕೂ ಕೂಸಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಮಾಡಲು ಬೇರೇನೂ ಇರಲಿಲ್ಲ.

"ಕೆಂಡದ ವಿಷಗಾಳಿಗೆ ವಾಸನೆ ಇರಲ್ಲ. ಸಾಂಬ್ರಾಣಿ ಘಮ ಬಂದ್ರೆ ಎಲ್ಲಾ ಚೆನ್ನಾಗಿದೆ ಅನ್ಕೊಂಡ್ಬಿಡ್ತೀರಿ" ಎಂದರು ತುಮಕೂರಿನ ಡಾಕ್ಟರಮ್ಮ. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ.

ಇಬ್ಬರಿಗೂ ಆಕ್ಸಿಜನ್ ಹಾಕಿದರು. ಹೊರಗಿನ ಬೆಂಚಿನ ಮೇಲೆ ದೊಡ್ಡಮ್ಮ ನನ್ನ ಪಕ್ಕವೇ ಕೂತಿದ್ದರು. "ನನ್ನ ಮಕ್ಳನ್ನೂ ಹಿಂಗೇ ಸಾಕಿದ್ದು ಕಣವ್ವ" ಎಂದು ಒಂದೇ ಸಲ ಹೇಳಿದರು. ಅವರ ಬೆರಳುಗಳಲ್ಲಿ ಇನ್ನೂ ಹರಳೆಣ್ಣೆಯ ವಾಸನೆಯಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸಿದೆ, ಆಗಲಿಲ್ಲ. ವಿಷಯ ಗೊತ್ತಿದ್ದವಳು ನಾನು. ಸುಮ್ಮನೆ ಎದ್ದು ಬಂದವಳೂ ನಾನೇ.

ಸಂಜೆಗೆ ಅಕ್ಕನಿಗೆ ಪ್ರಜ್ಞೆ ಬಂತು. ಮೊದಲು ಕೇಳಿದ್ದು ಕೂಸನ್ನು. ಕೂಸು ಮೂರನೇ ದಿನ ಹಾಲು ಕುಡಿಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಮಿದುಳಿಗೆ ಏನಾದ್ರೂ ಆಗಿದ್ಯಾ ಅಂತ ಈಗ್ಲೇ ಹೇಳೋಕಾಗಲ್ಲ. ಬೆಳೀತಾ ಗೊತ್ತಾಗ್ಬೇಕು" ಎಂದರು.

ಈಗ ಆ ಹೆಣ್ಣುಕೂಸಿಗೆ ಹತ್ತು ತಿಂಗಳು. ಇನ್ನೂ ಆಸರೆಯಿಲ್ಲದೆ ಕೂರುವುದಿಲ್ಲ. ಕೆಲವು ಮಕ್ಕಳು ತಡ ಎಂದು ಎಲ್ಲರೂ ಹೇಳುತ್ತಾರೆ. ಅಕ್ಕ ದಿನವೂ ದಿಂಬು ತೆಗೆದು ಅವಳನ್ನು ಕೂರಿಸುತ್ತಾಳೆ. ಅವಳು ಮೆಲ್ಲಗೆ ಪಕ್ಕಕ್ಕೆ ವಾಲುತ್ತಾಳೆ. ನಾವು ನೋಡುತ್ತಿರುತ್ತೇವೆ.