ಹೊಸದು ಮಾರುವವನ ಮನೆಯ ಹಳೇ ಮಷೀನು

ಹೊಸ ಮಿಕ್ಸಿ, ಹೊಸ ಫ್ರಿಜ್ಜು, ಹೊಸ ವಾಷಿಂಗ್ ಮಷೀನು ಮಾರುವವನ ಮನೆಯಲ್ಲೇ ಆ ಬೀದಿಯ ಅತಿ ಹಳೆಯ ವಾಷಿಂಗ್ ಮಷೀನು ಇತ್ತು. ಇದು ಅವನಿಗೆ ಮುಜುಗರ, ಅವನ ಹೆಂಡತಿಗೆ ಹೆಮ್ಮೆ. ಯಾರೇ ಕೆಟ್ಟ ಸಾಮಾನು ಹೊತ್ತು ತರಲಿ, ಅದನ್ನು ಮುಟ್ಟಿಯೂ ನೋಡದೆ, "ಇದರ ಆಯುಷ್ಯ ಮುಗೀತು ಸ್ವಾಮಿ, ಹೊಸದು ತಗೊಳ್ಳಿ" ಎನ್ನುವುದು ಅವನಿಗೆ ಬಾಯಿಪಾಠವಾಗಿತ್ತು. ಹಾಗಾಗಿ ಜನ ಅವನಿಗೆ ಹೊಸದು ಸಾಹುಕಾರ ಎಂದೇ ಹೆಸರಿಟ್ಟಿದ್ದರು. ಮಾತು ಬೆಣ್ಣೆ, ನಗು ಧಾರಾಳ. ಒಂದು ಫ್ಯಾನು ಕೊಳ್ಳಲು ಬಂದವರು ಎರಡು ಕೊಂಡು, ಮೇಲೆ ಕೈಮುಗಿದು ಹೋಗುತ್ತಿದ್ದರು.

ಹೆಂಡತಿಯ ಹತ್ತಿರ ಮಾತ್ರ ಈ ಬೆಣ್ಣೆ ಕರಗುತ್ತಿರಲಿಲ್ಲ. ಮದುವೆಯಾದ ಹೊಸತರಿಂದಲೂ ಮಧ್ಯಾಹ್ನ ಅಂಗಡಿಗೆ ಊಟದ ಡಬ್ಬಿ ತರುತ್ತಿದ್ದವಳು ಅವಳೇ. ಗಂಡ ಉಂಡು ಮುಗಿಸುವ ತನಕ ಹಿಂದಿನ ಮೂಲೆಯ ರಿಪೇರಿ ಮೇಜಿನ ಪಕ್ಕ ನಿಲ್ಲುತ್ತಿದ್ದಳು. ಅಲ್ಲಿ ವಯಸ್ಸಾದ ಮೆಕ್ಯಾನಿಕ್, ಹೊಸದು ಒಲ್ಲದ ಗಿರಾಕಿ ಬಿಟ್ಟುಹೋದ ಯಾವುದಾದರೂ ಮಿಕ್ಸಿಯ ಹೊಟ್ಟೆ ಬಿಚ್ಚಿ ಕೂತಿರುತ್ತಿದ್ದ. ಮೊದಲು ಅವನಿಗೆ ಟಾರ್ಚು ಹಿಡಿದಳು, ಆಮೇಲೆ ಸ್ಕ್ರೂ ಡ್ರೈವರು ಹಿಡಿದಳು. ಬರುಬರುತ್ತಾ ಗಂಡನಿಗೆ ಡಬ್ಬಿ ತರುವುದು ನೆಪವಾಗಿ, ಮೇಜೇ ಮುಖ್ಯವಾಯಿತು.

ಕಣ್ಣು ಮಂಜಾಗಿ ಮೆಕ್ಯಾನಿಕ್ ಮಗಳ ಮನೆ ಸೇರಿದ ಮೇಲೆ ಸಾಹುಕಾರ ಆ ಮೇಜಿನ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ.

"ಆ ಜಾಗ ನನಗೆ ಕೊಡ್ರೀ, ನಾನು ಕೂರ್ತೀನಿ" ಎಂದು ಅವಳು ಕೇಳಿದಾಗಲೆಲ್ಲ ಒಂದೇ ಉತ್ತರ: "ಸಾಹುಕಾರನ ಹೆಂಡ್ತಿ ಕೈಗೆ ಗ್ರೀಸು ಮೆತ್ಕೊಂಡು ಕೂತ್ರೆ ಗಿರಾಕಿಗಳು ಏನಂತಾರೆ?"

"ಕೆಲಸ ಬರುತ್ತೆ ಅಂತಾರೆ."

ಅವನು ನಕ್ಕು ಬೇರೆ ಮಾತೆತ್ತುತ್ತಿದ್ದ.

ಹೀಗಿರುವಾಗ ಹಳೇ ಮಷೀನು ಮುಷ್ಕರ ಹೂಡಿತು. ಬಟ್ಟೆ ಒಗೆಯಿತು, ನೀರು ಮಾತ್ರ ಹೊರಗೆ ಬಿಡಲಿಲ್ಲ. ಕೆಳಗಿಂದ ಗುಂಯ್ ಎನ್ನುವ ಸದ್ದು, ಮೇಲೆ ಕದಲದೆ ನಿಂತ ಸೋಪಿನ ನೀರು. ಸಾಹುಕಾರ ಬಗ್ಗಿ ನೋಡಿ ಮುಖ ಸಪ್ಪಗೆ ಮಾಡಿಕೊಂಡ. ದನಿಯಲ್ಲಿದ್ದ ಖುಷಿಯನ್ನು ಮುಚ್ಚಿಡಲು ಆಗಲಿಲ್ಲ.

"ಪಂಪು ಸತ್ತಿದೆ ಕಣೇ. ಈ ಮಾಡೆಲ್ಲಿಗೆ ಪಂಪು ಈಗ ಎಲ್ಲೂ ಸಿಗಲ್ಲ. ಹೊಸದು..."

"ತಗೊಳ್ಳಿ" ಎಂದು ಒಳಗಿನಿಂದ ಅವನ ತಾಯಿ ಮಾತು ಮುಗಿಸಿದರು. "ನಾನೂ ಹಳೇ ಮಾಡೆಲ್ಲೇ ಕಣೋ. ನನ್ನನ್ನ ಯಾವತ್ತು ಬದಲಾಯಿಸ್ತೀಯ?"

"ಹೆದರಬೇಡಿ ಅತ್ತೆ, ನಿಮ್ಮಂಥ ಪೀಸು ಇವರ ಅಂಗಡೀಲಿ ಬರಲ್ಲ" ಎಂದ ಸೊಸೆ ಗಂಡನ ಕಡೆ ತಿರುಗಿದಳು. "ನಾನೇ ಬಿಚ್ತೀನಿ. ಸರಿಹೋದ್ರೆ ಆ ಮೇಜು ನಂದು. ಹೋಗದಿದ್ರೆ ಹೊಸ ಮಷೀನು ತನ್ನಿ, ಇನ್ನು ಮೇಜಿನ ಸುದ್ದಿ ಎತ್ತಲ್ಲ."

ಕೈಗೆ ಬಂದ ವ್ಯಾಪಾರ ಬಿಡುವ ಜಾಯಮಾನ ಸಾಹುಕಾರನದಲ್ಲ. "ಆಯ್ತು. ಅಮ್ಮ ಸಾಕ್ಷಿ" ಎಂದ.

ಅಂಗಡಿಗೆ ರಜೆಯಿದ್ದ ದಿನ ಅವನು ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಆಟ ನೋಡಲು ಬಂದವನಂತೆ ಕಾಲ ಮೇಲೆ ಕಾಲು ಹಾಕಿ ಕೂತ. ಅವಳು ಪ್ಲಗ್ಗು ಕಿತ್ತಳು, ಚೊಂಬಿನಲ್ಲಿ ನೀರು ಮೊಗೆದು ಚೆಲ್ಲಿದಳು, ಹಳೇ ಹಾಸಿಗೆ ಹಾಸಿ ಅದರ ಮೇಲೆ ಮಷೀನನ್ನು ಮೆಲ್ಲಗೆ ಮಲಗಿಸಿದಳು. ಪಂಪಿನ ಪೈಪು ಕಳಚಿದ್ದೇ ತಡ, ಒಳಗೆ ಅಡಗಿದ್ದ ನೀರೆಲ್ಲ ಅವಳ ಮಡಿಲಿಗೇ ಬಂತು.

"ನೋಡಿದ್ಯಾ, ಪಂಪು ಕೆಲಸ ಮಾಡ್ತು!" ಎಂದು ಸಾಹುಕಾರ ತೊಡೆ ತಟ್ಟಿದ.

ಅವಳು ಮುಖ ಒರೆಸಿಕೊಳ್ಳಲಿಲ್ಲ. ಕೆಲಸ ಕೈಲಿರುವಾಗ ಮೂದಲಿಕೆ ಅವಳ ಕಿವಿಗೆ ಬೀಳುವುದಿಲ್ಲ. ಬಿದ್ದರೂ ಮುಂದೆಂದಾದರೂ ಬೇಕಾಗುತ್ತದೆಂದು ಎತ್ತಿಡುತ್ತಾಳೆ. ಪಂಪಿನ ಪುಟ್ಟ ಚಕ್ರವನ್ನು ಬೆರಳಿನಿಂದ ತಿರುಗಿಸಿದಳು. ತಿರುಗಲಿಲ್ಲ. "ಸದ್ದು ಮಾಡೋ ಮೋಟಾರು ಸತ್ತಿರಲ್ಲ ತಾಯಿ, ಯಾರೋ ಅದರ ಕಾಲು ಹಿಡ್ಕೊಂಡಿರ್ತಾರೆ" ಎಂದು ಮೆಕ್ಯಾನಿಕ್ ಹೇಳುತ್ತಿದ್ದ. ಮುಚ್ಚಳ ಬಿಚ್ಚಿದಳು. ಚಕ್ರದ ಬುಡದಲ್ಲಿ ಹಕ್ಕಿಗೂಡಿನಂಥದೊಂದು ಗಂಟು ಕೂತಿತ್ತು.

"ನಿನ್ನ ಕೂದಲು" ಎಂದು ಸಾಹುಕಾರ ತೀರ್ಪು ಕೊಟ್ಟ.

ಚಿಮುಟದಿಂದ ಎಳೆಎಳೆಯಾಗಿ ಬಿಡಿಸಿ, ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಕೂದಲಲ್ಲ, ಬಿಳಿ ಪ್ಲಾಸ್ಟಿಕ್ ದಾರ. ಒಂದೊಂದರ ತುದಿಗೂ ಪುಟ್ಟ ಅಡ್ಡಕಡ್ಡಿ. ಅಂಗಡಿಯ ಸಾಮಾನಿಗೆ ಬೆಲೆಚೀಟಿ ಕಟ್ಟುತ್ತಾರಲ್ಲ, ಅದೇ ದಾರ.

ಕಾಲ ಮೇಲಿದ್ದ ಸಾಹುಕಾರನ ಕಾಲು ಕೆಳಗಿಳಿಯಿತು.

ಸಾಮಾನು ಬಿಕರಿಯಾದ ಕೂಡಲೇ ಬೆಲೆಚೀಟಿ ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಳ್ಳುವುದು ಅವನ ಚಾಳಿ. ಸಂಜೆ ಉಬ್ಬಿದ ಜೇಬು ತಟ್ಟಿ, "ಇವತ್ತು ಹೇಗೆ?" ಎಂದು ತಾಯಿಗೆ ತೋರಿಸುವುದೇ ಒಂದು ಸಂಭ್ರಮ. ಒಗೆಯುವ ಮುಂಚೆ ಹೆಂಡತಿ ಚೀಟಿಗಳನ್ನು ತೆಗೆಯುತ್ತಿದ್ದಳು. ಜೇಬಿನ ಮೂಲೆಯ ಹೊಲಿಗೆಗೆ ಅಂಟಿದ ದಾರಗಳು ಮಾತ್ರ ಕಣ್ತಪ್ಪಿಸಿಕೊಂಡು, ಮಷೀನಿನ ತೂತುಗಳಲ್ಲಿ ಜಾರಿ, ಪಂಪಿನ ಕಾಲು ಕಟ್ಟಿದ್ದವು.

"ಅಲ್ಲಾರೀ, ಹೊಸದು ಮಾರಿ ಮಾರಿ ಹಳೇದರ ಕತ್ತು ಹಿಸುಕಿದ್ದೀರಲ್ಲ!"

ಸಾಹುಕಾರ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ. "ಮೊದಲು ನೀರು ಹೋಗಲಿ, ಆಮೇಲೆ ಮಾತಾಡು" ಎಂದ.

ಅವಳು ಎಲ್ಲವನ್ನೂ ಮರಳಿ ಕೂಡಿಸಿ, ಮಷೀನನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ಗು ಹಾಕಿ, ಬಕೆಟ್ಟಿನಿಂದ ನೀರು ಸುರಿದು ಗುಂಡಿ ತಿರುಗಿಸಿದಳು. ಗುಂಯ್ ಎಂದಿತು. ಸಾಹುಕಾರ ಕುರ್ಚಿಯಿಂದ ಅರ್ಧ ಎದ್ದ. ಅಷ್ಟರಲ್ಲಿ ಪೈಪು ಒಮ್ಮೆ ಕೆಮ್ಮಿ, ಭರ್ರನೆ ನೀರು ಕಕ್ಕಿತು.

"ನೀರು ಹೋಯ್ತು! ನಾನೇ ಸಾಕ್ಷಿ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಸೊಸೆ ಒದ್ದೆ ಸೀರೆಯಲ್ಲೇ ಬೆನ್ನು ನೆಟ್ಟಗೆ ಮಾಡಿ ನಿಂತಳು. ಗಂಡನ ಅಂಗಡಿಯ ಅಷ್ಟೂ ಸಾಮಾನು ಒಟ್ಟಿಗೇ ಬಿಕರಿಯಾಗಿದ್ದರೂ ಆ ಮನೆಯಲ್ಲಿ ಅಂಥ ಮುಖ ಯಾರಿಗೂ ಬರುತ್ತಿರಲಿಲ್ಲ.

ಮರುದಿನ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿದವನು ಸಾಹುಕಾರನೇ. ಮೇಜಿನ ಕಾಲು ಅಲುಗುತ್ತಿತ್ತು. "ಹೊಸದೊಂದು ತರಿಸ್ತೀನಿ ಬಿಡು" ಎಂದ.

"ಬೇಡ. ಸುತ್ತಿಗೆ ಕೊಡಿ."

ಮೊದಲು ಬಂದವರು ಮೂಲೆಮನೆಯ ಟೀಚರು, ಕೈಯಲ್ಲಿ ನಿಂತುಹೋದ ಮಿಕ್ಸಿ. "ಇದರ ಆಯುಷ್ಯ..." ಎಂದು ಶುರುಮಾಡಿದ ಸಾಹುಕಾರ, ಹಿಂದಿನ ಮೂಲೆಯಲ್ಲಿ ಸುತ್ತಿಗೆಯ ಸದ್ದು ನಿಂತದ್ದು ತಿಳಿದು ಗಂಟಲು ಸರಿಮಾಡಿಕೊಂಡ. "ಇದರ ಆಯುಷ್ಯ ಇನ್ನೂ ಇದೆ. ಹಿಂದುಗಡೆ ಹೋಗಿ ಟೀಚರೇ, ನಮ್ಮ ಮನೆಯವರು ನೋಡ್ತಾರೆ. ಅವರ ಕೈಗೆ ಬಂದದ್ದು ಹಾಗೆಲ್ಲಾ ಸಾಯೋಲ್ಲ." ಅದನ್ನು ಹೇಳುವಾಗ ಮಷೀನು ಬಿಚ್ಚಿದ್ದು ತಾನೇ ಎಂಬಂತೆ ಅವನ ಎದೆ ಉಬ್ಬಿತ್ತು.

ಮಿಕ್ಸಿ ರಿಪೇರಿಯಾಗುವ ತನಕ ಸುಮ್ಮನೆ ನಿಲ್ಲಲಾರದೆ ಟೀಚರು ಒಂದು ಇಸ್ತ್ರಿಪೆಟ್ಟಿಗೆ ಕೊಂಡರು. ಸಾಹುಕಾರ ಖುಷಿಯಿಂದ ಬೆಲೆಚೀಟಿ ಕತ್ತರಿಸಿ, ಅಭ್ಯಾಸಬಲದಿಂದ ಎದೆಯ ಜೇಬಿಗೆ ತುರುಕಹೋದ. ಬೆರಳು ಜಾರಿತು. ಬಗ್ಗಿ ನೋಡಿಕೊಂಡ. ಜೇಬಿನ ಬಾಯಿಗೆ ನೀಟಾಗಿ, ಒತ್ತೊತ್ತಾಗಿ ಹೊಲಿಗೆ ಬಿದ್ದಿತ್ತು.